ಓದುಗರ ಪ್ರಶ್ನೆ: ವಾಯುಪಡೆಯ ಹಿರಿಯ ಅಧಿಕಾರಿ ಎಂದರೆ ಎಷ್ಟು ಹಿರಿಯ?

ಈ ಸಲ ಕಾರವಾರ, ಶಿರಸಿ, ಕುಮಟಾ ಕಡೆಯಿಂದ ಬಂದ ಪತ್ರಗಳಲ್ಲಿ ಬಹುಪಾಲು ವಾಯುಪಡೆಯ ಹಿರಿಯ ಅಧಿಕಾರಿಗಳ ಕುರಿತಾಗಿಯೇ ಇದ್ದವು. ಒಂದೇ ಬಗೆಯವನ್ನು ಕೂಡಿಸಿ, ಆ ಕೆಲಸದ ಒಳಹೊರಗು ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ನಮ್ಮ ದೊಡ್ಡಪ್ಪ ಏರ್ ಕಮೊಡೋರ್ ಆಗಿ ನಿವೃತ್ತರಾದವರು, ಈಗಿಲ್ಲ. ಅವರ ನೆನಪಿಗೆ ಸಣ್ಣ ಪುಸ್ತಕವೊಂದನ್ನು ತರಲು ಹೊರಟಿದ್ದೇವೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಎರಡು ಲಾಗ್ ಬುಕ್, ಹಳೆಯ ಫೋಟೋಗಳು, ಪದಕಗಳು ಸಿಕ್ಕಿವೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಯಾವುದನ್ನು ನಂಬುವುದು?
— ಕುಮಟಾದಿಂದ ಒಂದು ಕುಟುಂಬ

ಲಾಗ್ ಬುಕ್ಕನ್ನು. ಕಥೆಗಳನ್ನು ಆಮೇಲೆ ಅದರ ಪಕ್ಕದಲ್ಲಿಟ್ಟು ನೋಡಿ.

ಪೈಲಟ್ ಲಾಗ್ ಬುಕ್ಕಿನಲ್ಲಿ ಪ್ರತಿ ಹಾರಾಟಕ್ಕೂ ಒಂದು ಸಾಲು: ತಾರೀಖು, ವಿಮಾನದ ಮಾದರಿ, ಅದರ ನೋಂದಣಿ ಸಂಖ್ಯೆ, ಮೊದಲ ಪೈಲಟ್ ಯಾರು, ಜೊತೆಗೆ ಯಾರಿದ್ದರು, ಏನು ಕೆಲಸ, ಹಗಲೋ ರಾತ್ರಿಯೋ, ಎಷ್ಟು ಹೊತ್ತು. ತಿಂಗಳ ಕೊನೆಗೆ ಲೆಕ್ಕ ಕೂಡಿಸಿ ಮೇಲಧಿಕಾರಿಯ ಸಹಿ ಹಾಕಿಸುತ್ತಾರೆ. ಹೀಗೆ ಆಗಿಂದಾಗಲೇ ಬರೆದು ಇನ್ನೊಬ್ಬರು ಪರಿಶೀಲಿಸಿದ ದಾಖಲೆ ಮನೆಯಲ್ಲಿ ಬೇರೆ ಯಾವುದೂ ಇರಲಾರದು. ಮೊದಲು ಮಾಡಬೇಕಾದದ್ದು ಇಷ್ಟು: ಒಂದು ನೋಟ್‌ಬುಕ್ಕಿನಲ್ಲಿ ವರ್ಷಕ್ಕೊಂದು ಪುಟ ಬಿಟ್ಟು, ಆ ವರ್ಷ ಯಾವ ಸ್ಕ್ವಾಡ್ರನ್ (ವಿಮಾನಗಳ ತುಕಡಿ), ಯಾವ ನೆಲೆ, ಯಾವ ವಿಮಾನ, ಎಷ್ಟು ಗಂಟೆ ಎಂದು ಬರೆದುಕೊಳ್ಳಿ. ಲಾಗ್ ಬುಕ್ಕಿನಲ್ಲಿ ತಿಂಗಳುಗಟ್ಟಲೆ ಹಾರಾಟವೇ ಇಲ್ಲದ ಕಡೆ ಗುರುತು ಹಾಕಿ. ಆ ಹೊತ್ತಿನಲ್ಲಿ ಅವರು ಯಾವುದೋ ಕೋರ್ಸಿನಲ್ಲಿದ್ದರು, ಕಚೇರಿ ಹುದ್ದೆಯಲ್ಲಿದ್ದರು ಅಥವಾ ವೈದ್ಯಕೀಯ ಕಾರಣಕ್ಕೆ ಹಾರಾಟದಿಂದ ಹೊರಗಿದ್ದರು. ಬದುಕಿನ ತಿರುವುಗಳು ಹೆಚ್ಚಾಗಿ ಈ ಖಾಲಿ ಜಾಗಗಳಲ್ಲೇ ಸಿಗುತ್ತವೆ.

ಗಂಟೆಗಳ ಲೆಕ್ಕದಲ್ಲಿ ಎಚ್ಚರವಿರಲಿ. ಫೈಟರ್ ಹಾರಾಟ ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಮುಗಿಯುತ್ತದೆ. ಸಾಗಣೆ ವಿಮಾನದವರು ಒಂದೇ ದಿನ ಐದಾರು ಗಂಟೆ ಹಾರಿರುತ್ತಾರೆ. ಹಾಗಾಗಿ 3,000 ಗಂಟೆ ಎಂಬುದು ಫೈಟರ್ ಪೈಲಟ್‌ಗೆ ದೊಡ್ಡ ಸಂಖ್ಯೆ, ಸಾಗಣೆ ಪೈಲಟ್‌ಗೆ ಸಾಮಾನ್ಯ. ಮಾದರಿಯನ್ನು ಹೇಳದೆ ಬರೀ ಗಂಟೆ ಹಾಕಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಪದಕಗಳ ವಿಷಯದಲ್ಲಿ ಹೆಚ್ಚಿನ ಕುಟುಂಬಗಳು ಎಡವುತ್ತವೆ. ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ 1965ರ ಯುದ್ಧದವು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ 1971ರವು. ನಿಗದಿತ ಪ್ರದೇಶದಲ್ಲಿ, ನಿಗದಿತ ಅವಧಿಯಲ್ಲಿ ಸೇವೆಯಲ್ಲಿದ್ದ ಎಲ್ಲರಿಗೂ ಇವು ಸಿಕ್ಕಿವೆ. 9 ವರ್ಷ, 20 ವರ್ಷ ಸೇವೆಯ ಪದಕಗಳೂ, ಸ್ವಾತಂತ್ರ್ಯದ 25ನೇ ವರ್ಷದ ಪದಕವೂ ಹಾಗೆಯೇ. ಇವುಗಳಿಗೆ ಬೆಲೆಯಿಲ್ಲ ಎಂದಲ್ಲ. ಆದರೆ ‘ಎಂಟು ಶೌರ್ಯ ಪದಕಗಳ ವೀರ’ ಎಂದು ಅಚ್ಚು ಹಾಕಿದರೆ ವಾಯುಪಡೆಯವರು ಯಾರಾದರೂ ಮೊದಲ ಪುಟದಲ್ಲೇ ಪುಸ್ತಕ ಮುಚ್ಚುತ್ತಾರೆ. ಶೌರ್ಯಕ್ಕೆ ಕೊಡುವವು ಪರಮವೀರ, ಮಹಾವೀರ, ವೀರ ಚಕ್ರಗಳು ಮತ್ತು ಅಶೋಕ, ಕೀರ್ತಿ, ಶೌರ್ಯ ಚಕ್ರಗಳು. ವಾಯುಸೇನಾ ಪದಕದಲ್ಲಿ ಎರಡು ಬಗೆ ಇದೆ: ಒಂದು ಶೌರ್ಯಕ್ಕೆ, ಇನ್ನೊಂದು ಕರ್ತವ್ಯನಿಷ್ಠೆಗೆ. ಯಾವುದೆಂದು ಪ್ರಶಸ್ತಿ ಪತ್ರ ಅಥವಾ ಗೆಜೆಟ್ ನೋಡಿಯೇ ಬರೆಯಿರಿ. ರಕ್ಷಣಾ ಅಧಿಕಾರಿಗಳ ನೇಮಕ, ಬಡ್ತಿಗಳು ಭಾರತದ ರಾಜಪತ್ರದ ಭಾಗ 1, ವಿಭಾಗ 4ರಲ್ಲಿ ಪ್ರಕಟವಾಗುತ್ತವೆ. ಹಳೆಯ ಸಂಚಿಕೆಗಳು ದೊಡ್ಡ ಗ್ರಂಥಾಲಯಗಳಲ್ಲಿವೆ.

ಫೋಟೋದಲ್ಲಿ ತಾರೀಖು ಇಲ್ಲದಿದ್ದರೆ ತೋಳಿನ ಪಟ್ಟಿ ಎಣಿಸಿ. ಫ್ಲೈಯಿಂಗ್ ಆಫೀಸರ್‌ಗೆ ಒಂದು, ಫ್ಲೈಟ್ ಲೆಫ್ಟಿನೆಂಟ್‌ಗೆ ಎರಡು, ಸ್ಕ್ವಾಡ್ರನ್ ಲೀಡರ್‌ಗೆ ಎರಡರ ನಡುವೆ ಒಂದು ಕಿರಿದು, ವಿಂಗ್ ಕಮಾಂಡರ್‌ಗೆ ಮೂರು, ಗ್ರೂಪ್ ಕ್ಯಾಪ್ಟನ್‌ಗೆ ನಾಲ್ಕು. ಏರ್ ಕಮೊಡೋರ್ ಆದಮೇಲೆ ಒಂದೇ ಒಂದು ಅಗಲದ ಪಟ್ಟಿ. ಅಲ್ಲಿಂದ ಮೇಲಕ್ಕೆ, ಅಂದರೆ ಏರ್ ವೈಸ್ ಮಾರ್ಷಲ್, ಏರ್ ಮಾರ್ಷಲ್, ಏರ್ ಚೀಫ್ ಮಾರ್ಷಲ್ ಆದಂತೆ, ಅದರ ಮೇಲೆ ಒಂದೊಂದೇ ಸಣ್ಣ ಪಟ್ಟಿ ಸೇರುತ್ತದೆ. ಎದೆಯ ಮೇಲೆ ಎರಡೂ ರೆಕ್ಕೆ ಇದ್ದರೆ ಪೈಲಟ್, ಒಂದೇ ರೆಕ್ಕೆ ಇದ್ದರೆ ನ್ಯಾವಿಗೇಟರ್ ಅಥವಾ ಇತರ ವಿಮಾನ ಸಿಬ್ಬಂದಿ. ಹಿಂದೆ ನಿಂತ ವಿಮಾನದ ಸಂಖ್ಯೆ ಕಂಡರೆ ಇನ್ನೂ ಒಳ್ಳೆಯದು: ‘ಬಿಎ’ಯಿಂದ ಶುರುವಾದರೆ ಹಂಟರ್, ‘ಐಎಫ್’ ಆದರೆ ಕ್ಯಾನ್‌ಬೆರಾ, ‘ಐಇ’ ಆದರೆ ನ್ಯಾಟ್. ಅದೇ ಸಂಖ್ಯೆ ಲಾಗ್ ಬುಕ್ಕಿನಲ್ಲಿ ಸಿಕ್ಕರೆ ಫೋಟೋದ ವರ್ಷ ಸಿಕ್ಕಂತೆಯೇ.

ಇನ್ನೊಂದು ತಪ್ಪು, ಕೊನೆಯ ಹುದ್ದೆಯನ್ನು ಹಿಂದಕ್ಕೆ ಎಳೆಯುವುದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಹಂಟರ್ ವಿಮಾನದಿಂದ ಹೊರಜಿಗಿದು ಪಾಕಿಸ್ತಾನದಲ್ಲಿ ಸೆರೆಯಾದದ್ದು 1965ರ ಸೆಪ್ಟೆಂಬರ್ 22ರಂದು, ಕಿರಿಯ ಅಧಿಕಾರಿಯಾಗಿದ್ದಾಗ. ಏರ್ ಮಾರ್ಷಲ್ ಆದದ್ದು ಎಷ್ಟೋ ವರ್ಷದ ಮೇಲೆ. ‘ಏರ್ ಮಾರ್ಷಲ್ ಸೆರೆಯಾದರು’ ಎಂದು ಬರೆದರೆ ಇಡೀ ಘಟನೆಯ ತೂಕವೇ ಬೇರೆಯಾಗಿಬಿಡುತ್ತದೆ. ಪ್ರತಿ ಘಟನೆಗೂ ಆ ದಿನದ ಹುದ್ದೆಯನ್ನೇ ಹಾಕಿ. ಹಳೆಯ ಕಾಗದಪತ್ರಗಳಲ್ಲಿ ಪೈಲಟ್ ಆಫೀಸರ್ ಎಂದು ಕಂಡರೆ ಗಾಬರಿ ಬೇಡ, ಆಗ ಕಮಿಷನ್ (ಅಧಿಕಾರಿಯಾಗಿ ನೇಮಕ) ಸಿಗುತ್ತಿದ್ದ ಮೊದಲ ಹುದ್ದೆ ಅದೇ, ಈಗ ಬಳಕೆಯಲ್ಲಿಲ್ಲ.

ಹಾಗೆಂದು ಮನೆಯ ಕಥೆಗಳನ್ನು ಎಸೆಯಬೇಡಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ ಅವರು ಶತ್ರುವಿನ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಹೊಡೆದುರುಳಿಸಿದ್ದು ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲೆಯೇ ತಿಳಿದದ್ದು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ದಾಖಲೆ ತಡವಾಗಿ ಬರುವುದೂ ಉಂಟು. ದಾಖಲೆ ಸಿಗದ ಕಥೆಯನ್ನು, ಹೇಳಿದವರ ಹೆಸರಿನೊಂದಿಗೆ, ‘ಮನೆಯವರ ನೆನಪು’ ಎಂದೇ ಅಚ್ಚು ಹಾಕಿ.

ಟ್ರಂಕಿನ ಬಗ್ಗೆ ಎರಡು ಮಾತು. ನಮ್ಮ ಕರಾವಳಿಯ ಮಳೆಗಾಲಕ್ಕೆ ಕಾಗದ ತಡೆಯುವುದಿಲ್ಲ. ಲಾಗ್ ಬುಕ್ಕಿಗೆ ಲ್ಯಾಮಿನೇಷನ್, ಸೆಲ್ಲೋಟೇಪ್, ರಬ್ಬರ್ ಬ್ಯಾಂಡ್ ಯಾವುದೂ ಬೇಡ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಗಟ್ಟಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಮಳೆ ಬಿಟ್ಟ ಒಣ ದಿನ ನೋಡಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಹಿಡಿಯಿರಿ. ರಕ್ಷಾಪುಟವನ್ನೂ ಬಿಡಬೇಡಿ, ಕೋರ್ಸುಗಳ ಮತ್ತು ಹಾರಾಟದ ಮೌಲ್ಯಮಾಪನದ ಷರಾಗಳು ಮೊದಲ ಮತ್ತು ಕೊನೆಯ ಪುಟಗಳಲ್ಲೇ ಇರುತ್ತವೆ. ಆಲ್ಬಮ್ಮಿಗೆ ಅಂಟಿಕೊಂಡ ಫೋಟೋವನ್ನು ಕೀಳದೆ ಅಲ್ಲೇ ತೆಗೆದುಕೊಳ್ಳಿ. ಪದಕಗಳನ್ನು ಬ್ರಾಸೋ ಹಾಕಿ ತಿಕ್ಕಿದರೆ ಅಂಚಿನಲ್ಲಿ ಕೊರೆದ ಹೆಸರು, ಸೇವಾ ಸಂಖ್ಯೆ ಸವೆದುಹೋಗುತ್ತದೆ. ರಿಬ್ಬನ್ ಯಾವುದಕ್ಕೆ ಯಾವುದು ಎಂದು ಖಚಿತವಾಗುವ ತನಕ ಬಿಚ್ಚಬೇಡಿ.

ನಾನು ದ್ವಿತೀಯ ಪಿಯು ವಿದ್ಯಾರ್ಥಿನಿ, ಪಿಸಿಎಂಬಿ. ಏರ್ ಮಾರ್ಷಲ್ ಆಗಬೇಕು ಎಂದರೆ ಮನೆಯಲ್ಲಿ ನಗುತ್ತಾರೆ. ದಾರಿ ಹೇಳಿ.
— ಶಿರಸಿ

ನಗುವವರು ನಗಲಿ, ನಿಮಗಿರುವ ದಾರಿ ಸ್ಪಷ್ಟವಾಗಿಯೇ ಇದೆ. ಆದರೆ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಬಾಗಿಲು 2022ರಿಂದ ಹುಡುಗಿಯರಿಗೂ ತೆರೆದಿದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ವಾಯುಪಡೆಗೆ ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ ಮೂರೂ ಬೇಕು, ನಿಮಗೆ ಇವೆ. ಯುಪಿಎಸ್‌ಸಿ ಪರೀಕ್ಷೆ ವರ್ಷಕ್ಕೆ ಎರಡು ಸಲ: ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600, ಒಂದೊಂದಕ್ಕೆ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಡಿತ. ಆಮೇಲೆ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಇನ್ನೊಂದು 900. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸಾಮರ್ಥ್ಯ ಪತ್ರಿಕೆಯಲ್ಲಿ ಇಂಗ್ಲಿಷಿಗೇ 200 ಅಂಕವಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ಬಲಪಡಿಸಿಕೊಳ್ಳಬೇಕಾದದ್ದು ಅದನ್ನು. ನಿಮಗೆ ಹತ್ತಿರದ ಪರೀಕ್ಷಾ ಕೇಂದ್ರ ಧಾರವಾಡ. ಕೇಂದ್ರಗಳನ್ನು ಮೊದಲು ಅರ್ಜಿ ಹಾಕಿದವರಿಗೆ ಮೊದಲು ಹಂಚುತ್ತಾರೆ. ಕೊನೆಯ ದಿನದವರೆಗೆ ಕಾದರೆ ದೂರದ ಊರು ಸಿಗುತ್ತದೆ.

ಡಿಗ್ರಿ ಮುಗಿಸಿ ಹೋಗುವುದಾದರೆ ಎಎಫ್‌ಕ್ಯಾಟ್ (ವಾಯುಪಡೆಯದೇ ಪ್ರವೇಶ ಪರೀಕ್ಷೆ) ಇದೆ: ಎರಡು ಗಂಟೆ, 100 ಪ್ರಶ್ನೆ, 300 ಅಂಕ, ತಪ್ಪಿಗೆ ಒಂದಂಕ ಕಡಿತ. ಇಲ್ಲಿ ಒಂದು ವಿಷಯವನ್ನು ಕೋಚಿಂಗ್‌ನವರು ಸರಿಯಾಗಿ ಹೇಳುವುದಿಲ್ಲ. ಎಎಫ್‌ಕ್ಯಾಟ್ ಮೂಲಕ ಹಾರಾಟ ಶಾಖೆಗೆ ಸೇರಿದರೆ ಸಿಗುವುದು 14 ವರ್ಷದ ಅಲ್ಪಾವಧಿ ಕಮಿಷನ್. ನೆಲಕರ್ತವ್ಯದಲ್ಲಿ (ಹಾರಾಟವಲ್ಲದ ಶಾಖೆಗಳಲ್ಲಿ) 10 ವರ್ಷ, ಬೇಕಾದರೆ ಇನ್ನೂ 4. ಇಷ್ಟರಲ್ಲಿ ವಿಂಗ್ ಕಮಾಂಡರ್ ಆಗಬಹುದು, ಏರ್ ಮಾರ್ಷಲ್ ಆಗಲಾರಿರಿ. ಅಲ್ಪಾವಧಿಯಿಂದ ಕಾಯಂ ಕಮಿಷನ್ನಿಗೆ ಹೋಗುವುದಕ್ಕೆ ಅವಕಾಶವಿದ್ದರೂ ಅದು ಹುದ್ದೆ ಖಾಲಿ ಇರುವುದರ ಮೇಲೆ, ಯೋಗ್ಯತೆಯ ಮೇಲೆ ನಿಂತಿದೆ. ಕೊನೆಯ ಮೆಟ್ಟಿಲು ನಿಮ್ಮ ಗುರಿಯಾದರೆ ಎನ್‌ಡಿಎಗೆ ಈಗಲೇ ಬರೆಯಿರಿ.

ಬರವಣಿಗೆ ದಾಟಿದವರಿಗೆ ವಾಯುಪಡೆಯ ಆಯ್ಕೆ ಮಂಡಳಿಯಿಂದ ಕರೆ ಬರುತ್ತದೆ. ಮೈಸೂರಿನಲ್ಲೂ ಒಂದು ಮಂಡಳಿ ಇದೆ. ಮೊದಲ ದಿನ ಬುದ್ಧಿಪರೀಕ್ಷೆ ಮತ್ತು ಚಿತ್ರ ನೋಡಿ ಕಥೆ ಬರೆದು ಚರ್ಚಿಸುವುದು. ಬಂದವರಲ್ಲಿ ದೊಡ್ಡ ಪಾಲು ಆವತ್ತೇ ಸಂಜೆ ಊರಿಗೆ ವಾಪಸ್. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆಗಳು: 60 ಪದಗಳು, ಒಂದೊಂದಕ್ಕೆ 15 ಸೆಕೆಂಡು, 60 ಸನ್ನಿವೇಶಗಳು, ಒಟ್ಟು 30 ನಿಮಿಷ. ನಂತರ ಮೈದಾನದ ಗುಂಪು ಕೆಲಸ, ಸಂದರ್ಶನ, ಕೊನೆಗೆ ಎಲ್ಲ ಪರೀಕ್ಷಕರು ಒಟ್ಟಿಗೆ ಕೂರುವ ಸಭೆ. ಸೋಲುವುದು ಹೆಚ್ಚಾಗಿ ಬಾಯಿಪಾಠದಿಂದ. ಎಲ್ಲ ಚಿತ್ರಕ್ಕೂ ಒಂದೇ ಸಾಹಸದ ಕಥೆ ಬರೆದವರು ಮೂರನೇ ಚಿತ್ರಕ್ಕೇ ಸಿಕ್ಕಿಬೀಳುತ್ತಾರೆ, ಏಕೆಂದರೆ ಮನಶ್ಶಾಸ್ತ್ರಜ್ಞ ಬರೆಸಿದ್ದು, ಮೈದಾನದಲ್ಲಿ ಕಂಡದ್ದು, ಸಂದರ್ಶನದಲ್ಲಿ ಹೇಳಿದ್ದು ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಉಚ್ಚಾರಣೆಗೆ ಯಾರೂ ಅಂಕ ಕಳೆಯುವುದಿಲ್ಲ. ಹೇಳುವ ಮಾತು ಇದ್ದರೆ ಸಾಕು.

ಹಾರಾಟ ಶಾಖೆಗೆ ಇನ್ನೊಂದು ಪರೀಕ್ಷೆ ಇದೆ, ಕಂಪ್ಯೂಟರ್ ಮುಂದೆ ಕೂರಿಸಿ ಕೈ, ಕಾಲು, ಕಣ್ಣಿನ ಹೊಂದಾಣಿಕೆ ನೋಡುವ ಪೈಲಟ್ ಆಯ್ಕೆ ಪರೀಕ್ಷೆ. ಜೀವಮಾನದಲ್ಲಿ ಅದಕ್ಕೆ ಒಂದೇ ಅವಕಾಶ. ನಿದ್ದೆಗೆಟ್ಟು, ಜ್ವರದಲ್ಲಿ ಅದಕ್ಕೆ ಕೂರಬೇಡಿ.

ಮುಂದಿನ ಲೆಕ್ಕ ಹೀಗೆ. ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ, ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ ಒಂದು ವರ್ಷ, ಸುಮಾರು 22ಕ್ಕೆ ಫ್ಲೈಯಿಂಗ್ ಆಫೀಸರ್. ಫೈಟರ್‌ಗೆ ಆಯ್ಕೆಯಾದರೆ ಹಾಕ್ ವಿಮಾನದ ತರಬೇತಿಗೆ ನಮ್ಮ ಬೀದರಿಗೇ ಬರುತ್ತೀರಿ. ಕಮಿಷನ್ ಸಿಕ್ಕ ಎರಡು ವರ್ಷಕ್ಕೆ ಫ್ಲೈಟ್ ಲೆಫ್ಟಿನೆಂಟ್, ಆರಕ್ಕೆ ಸ್ಕ್ವಾಡ್ರನ್ ಲೀಡರ್, ಹದಿಮೂರಕ್ಕೆ ವಿಂಗ್ ಕಮಾಂಡರ್. ಇಲ್ಲಿಯವರೆಗೆ ಪರೀಕ್ಷೆ ಪಾಸಾಗಿ, ಆರೋಗ್ಯ ಕಾಪಾಡಿಕೊಂಡು, ತಪ್ಪು ಮಾಡದಿದ್ದರೆ ಕಾಲವೇ ನಿಮ್ಮನ್ನು ಮೇಲೆತ್ತುತ್ತದೆ. ಅಲ್ಲಿಂದಾಚೆ ಬಡ್ತಿಯ ಆಯ್ಕೆ ಮಂಡಳಿ. ಅದರ ಸಂಗತಿ ಮುಂದಿನ ಉತ್ತರದಲ್ಲಿದೆ, ಓದಿ. ಈಗಿನ ವಾಯುಪಡೆ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಕಮಿಷನ್ ಪಡೆದದ್ದು 1984ರ ಡಿಸೆಂಬರಿನಲ್ಲಿ, ಮುಖ್ಯಸ್ಥರಾದದ್ದು 2024ರ ಸೆಪ್ಟೆಂಬರಿನಲ್ಲಿ. ನಡುವಿನ ಅಂತರ ಹತ್ತಿರ ಹತ್ತಿರ 40 ವರ್ಷ. ಏರ್ ಮಾರ್ಷಲ್ ಹುದ್ದೆಗೇರಿದ ಮೊದಲ ಮಹಿಳೆ ಪದ್ಮಾ ಬಂದೋಪಾಧ್ಯಾಯ, ಅವರು ವೈದ್ಯೆ. ಮಹಿಳಾ ಫೈಟರ್ ಪೈಲಟ್‌ಗಳ ಮೊದಲ ತಂಡಕ್ಕೆ ಕಮಿಷನ್ ಸಿಕ್ಕಿದ್ದು 2016ರಲ್ಲಷ್ಟೇ, ಹಾಗಾಗಿ ಆ ಸಾಲಿನಲ್ಲಿ ನಿಮ್ಮ ಮುಂದೆ ನಿಂತವರು ಇನ್ನೂ ಬಹಳವಿಲ್ಲ.

ನಮ್ಮೂರಿನ ಹುಡುಗ ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತನಾಗಿ ಬಂದ. ಅವನ ಜೊತೆಯವನೊಬ್ಬ ಏರ್ ಮಾರ್ಷಲ್ ಆಗಿದ್ದಾನಂತೆ. ಊರಲ್ಲಿ ‘ಏನೋ ತಪ್ಪು ಮಾಡಿರಬೇಕು’ ಎಂದು ಮಾತು. ಹೌದೇ?
— ಸಿದ್ದಾಪುರದಿಂದ ನಿವೃತ್ತ ಶಿಕ್ಷಕರು

ಅಲ್ಲ. ಇಂಥ ಮಾತಾಡುವವರಿಗೆ ದಯವಿಟ್ಟು ಈ ಉತ್ತರ ಓದಿ ಹೇಳಿ.

ವಿಂಗ್ ಕಮಾಂಡರ್ ಮೇಲಿನ ಪ್ರತಿ ಮೆಟ್ಟಿಲಿನಲ್ಲಿ ಸ್ಥಾನಗಳು ಒಮ್ಮೆಗೇ ಕಡಿಮೆಯಾಗುತ್ತವೆ. ವಾಯುಪಡೆಯಲ್ಲಿರುವುದು ಒಟ್ಟು ಏಳು ಕಮಾಂಡ್‌ಗಳು. ಅದರಲ್ಲಿ ತರಬೇತಿ ಕಮಾಂಡಿನ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಪ್ರತಿ ಕಮಾಂಡಿಗೆ ಒಬ್ಬ ಏರ್ ಮಾರ್ಷಲ್ ಮುಖ್ಯಸ್ಥ, ಜೊತೆಗೆ ದೆಹಲಿಯ ಮುಖ್ಯ ಕಚೇರಿಯಲ್ಲಿ ಮತ್ತು ಮೂರೂ ಪಡೆಗಳ ಜಂಟಿ ಸಂಸ್ಥೆಗಳಲ್ಲಿ ಇನ್ನಷ್ಟು ಸ್ಥಾನ. ಒಂದು ಬ್ಯಾಚಿನಲ್ಲಿ ಅಷ್ಟು ಎತ್ತರಕ್ಕೆ ಹೋಗುವವರು ಕೈಬೆರಳಲ್ಲಿ ಎಣಿಸುವಷ್ಟು. ಆಯ್ಕೆ ಮಂಡಳಿ ನೋಡುವುದು ವರ್ಷವರ್ಷದ ಗೋಪ್ಯ ವರದಿಗಳು, ಸ್ಕ್ವಾಡ್ರನ್ ಅಥವಾ ಘಟಕ ನಡೆಸಿದ ಅನುಭವ, ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜಿನಂಥ ಕೋರ್ಸುಗಳು, ವೈದ್ಯಕೀಯ ದರ್ಜೆ. ಒಂದು ವರ್ಷದ ವರದಿ ‘ಅತ್ಯುತ್ತಮ’ದ ಬದಲು ‘ಉತ್ತಮ’ವಾಗಿದ್ದರೂ ಸಾಕು, ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಅದು ದಂಡನೆಯಲ್ಲ, ಪೈಪೋಟಿ ಅಷ್ಟು ಬಿಗಿ.

ಆರೋಗ್ಯದ ಪಾತ್ರ ಇನ್ನೂ ದೊಡ್ಡದು. ಹಾರುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ. ಪೂರ್ತಿ ಯೋಗ್ಯರಾದವರ ದರ್ಜೆ ಎ1ಜಿ1. ಇದರಲ್ಲಿ ‘ಎ’ ಆಕಾಶಕ್ಕೆ, ‘ಜಿ’ ನೆಲಕ್ಕೆ. ವಿಮಾನದಿಂದ ಒಮ್ಮೆ ಹೊರಜಿಗಿದರೆ ಬೆನ್ನುಮೂಳೆಗೆ ಪೆಟ್ಟು ಬೀಳುವ ಸಾಧ್ಯತೆ ಹೆಚ್ಚು, ಏಕೆಂದರೆ ಆಸನದ ಕೆಳಗಿನ ರಾಕೆಟ್ ಇಡೀ ದೇಹವನ್ನು ಕ್ಷಣದಲ್ಲಿ ಮೇಲಕ್ಕೆಸೆಯುತ್ತದೆ. ವರ್ಷಗಟ್ಟಲೆ ಜೋರು ತಿರುವಿನ ಹಾರಾಟದಿಂದ ಕುತ್ತಿಗೆ ಸವೆಯುತ್ತದೆ, ಎಂಜಿನ್ ಸದ್ದಿನಿಂದ ಕಿವಿ ಮಂದವಾಗುತ್ತದೆ. ನಲವತ್ತರ ಮೇಲೆ ರಕ್ತದೊತ್ತಡ, ಸಕ್ಕರೆ, ತೂಕ. ದರ್ಜೆ ಇಳಿದರೆ ಮುಖ್ಯ ಹುದ್ದೆಗಳು ತಪ್ಪುತ್ತವೆ, ಹುದ್ದೆ ತಪ್ಪಿದರೆ ಬಡ್ತಿಯೂ.

ಇನ್ನುಳಿದದ್ದು ಜನ್ಮದಿನಾಂಕ. ಏರ್ ಮಾರ್ಷಲ್ ನಿವೃತ್ತಿ 60ಕ್ಕೆ. ಮುಖ್ಯಸ್ಥರದ್ದು 62ಕ್ಕೆ ಅಥವಾ ಮೂರು ವರ್ಷಕ್ಕೆ, ಯಾವುದು ಮೊದಲೋ ಅದು. ಮೇಲಿನ ಹುದ್ದೆ ಖಾಲಿಯಾಗುವ ದಿನಕ್ಕೆ ಒಂದು ತಿಂಗಳು ಮೊದಲೇ 60 ತುಂಬಿದರೆ ಎಷ್ಟೇ ಸಮರ್ಥರಿದ್ದರೂ ಮನೆಗೆ. ಶಾಖೆಯೂ ಲೆಕ್ಕಕ್ಕೆ ಬರುತ್ತದೆ. ಮುಖ್ಯಸ್ಥರ ಸ್ಥಾನ ಇಲ್ಲಿಯವರೆಗೆ ಪೈಲಟ್‌ಗಳಿಗೇ ಹೋಗಿದೆ. ಹೆಲಿಕಾಪ್ಟರ್ ಪೈಲಟ್ ಒಬ್ಬರಿಗೆ ಅದು ಸಿಗಲು 2007ರವರೆಗೆ, ಫಾಲಿ ಮೇಜರ್ ಬರುವವರೆಗೆ ಕಾಯಬೇಕಾಯಿತು. ತಾಂತ್ರಿಕ ಶಾಖೆಯವರು ನಿರ್ವಹಣೆಯ ಮುಖ್ಯಸ್ಥರಾಗಿ ಏರ್ ಮಾರ್ಷಲ್‌ವರೆಗೆ ಹೋಗುತ್ತಾರೆ.

ಗ್ರೂಪ್ ಕ್ಯಾಪ್ಟನ್ ಹುದ್ದೆ ಆಯ್ಕೆಯಿಂದಲೂ ಬರುತ್ತದೆ, 26 ವರ್ಷ ಸೇವೆ ತುಂಬಿದರೆ ಕಾಲಾನುಕ್ರಮದಿಂದಲೂ. ತೋಳಿನ ನಾಲ್ಕು ಪಟ್ಟಿ ಇಬ್ಬರಿಗೂ ಒಂದೇ. ಬಾಹ್ಯಾಕಾಶ ನಿಲ್ದಾಣಕ್ಕೆ 2025ರಲ್ಲಿ ಹೋಗಿ ಬಂದ ಶುಭಾಂಶು ಶುಕ್ಲಾ ಕೂಡ ಆಗ ಗ್ರೂಪ್ ಕ್ಯಾಪ್ಟನ್ನೇ ಎಂಬುದನ್ನು ಕಟ್ಟೆಯ ಮೇಲೆ ಕೂತವರಿಗೆ ನೆನಪಿಸಿ.

ಕಾರವಾರದ ಕಡಲ ತೀರದಲ್ಲಿ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ದೊಡ್ಡ ವಿಮಾನ ವಾಯುಪಡೆಯದೇ? ಮತ್ತೆ ಇಲ್ಲಿನ ನೌಕಾಪಡೆಯ ಕ್ಯಾಪ್ಟನ್‌ಗೂ ಸೇನೆಯ ಕ್ಯಾಪ್ಟನ್‌ಗೂ ಗ್ರೂಪ್ ಕ್ಯಾಪ್ಟನ್‌ಗೂ ಏನು ವ್ಯತ್ಯಾಸ?
— ಬೈತಖೋಲ, ಕಾರವಾರ

ಚಪಲ್ ನೌಕೆಯ ಪಕ್ಕದ್ದು ಟಿಯು-142 ಎಂಬ ಸಮುದ್ರ ಗಸ್ತಿನ ವಿಮಾನ, ನೌಕಾಪಡೆಯದು. ತಮಿಳುನಾಡಿನ ಅರಕ್ಕೋಣದಿಂದ ಹಾರುತ್ತಿತ್ತು, 2017ರಲ್ಲಿ ನಿವೃತ್ತ. ಆದರೆ ಪ್ರಶ್ನೆ ಪೂರ್ತಿ ತಪ್ಪಲ್ಲ: ದೂರ ಸಮುದ್ರದ ಗಸ್ತು ಮೊದಲು ವಾಯುಪಡೆಯ ಕೆಲಸವೇ ಆಗಿತ್ತು, 1976ರಲ್ಲಿ ಸೂಪರ್ ಕಾನ್‌ಸ್ಟಲೇಷನ್ ವಿಮಾನಗಳ ಸಮೇತ ನೌಕಾಪಡೆಗೆ ಹೋಯಿತು. ಆಗ ಹುಟ್ಟಿದ 312ನೇ ಸ್ಕ್ವಾಡ್ರನ್ನೇ ಮುಂದೆ ಟಿಯು-142 ಹಾರಿಸಿದ್ದು.

ಹುದ್ದೆ: ನೌಕಾಪಡೆಯ ಕ್ಯಾಪ್ಟನ್, ವಾಯುಪಡೆಯ ಗ್ರೂಪ್ ಕ್ಯಾಪ್ಟನ್, ಸೇನೆಯ ಕರ್ನಲ್ ಸಮ. ಸೇನೆಯ ಕ್ಯಾಪ್ಟನ್‌ಗೆ ಸಮ ಫ್ಲೈಟ್ ಲೆಫ್ಟಿನೆಂಟ್. ಕದಂಬ ನೌಕಾನೆಲೆಯಲ್ಲಿ ಕೂರುವ ಕರ್ನಾಟಕ ನೌಕಾ ಪ್ರದೇಶದ ಮುಖ್ಯಸ್ಥರು ರಿಯರ್ ಅಡ್ಮಿರಲ್, ವಾಯುಪಡೆಯಲ್ಲಾದರೆ ಏರ್ ವೈಸ್ ಮಾರ್ಷಲ್. ಕಾರಿನ ಮುಂದಿನ ನಕ್ಷತ್ರ ಇಬ್ಬರಿಗೂ ಎರಡು.

ಶಾಲೆಯ ವಾರ್ಷಿಕೋತ್ಸವಕ್ಕೆ ನಿವೃತ್ತ ಏರ್ ವೈಸ್ ಮಾರ್ಷಲ್ ಒಬ್ಬರನ್ನು ಕರೆದಿದ್ದೇವೆ. ಆಮಂತ್ರಣದಲ್ಲಿ ಹೆಸರು ಹೇಗೆ ಹಾಕುವುದು?
— ಮುಖ್ಯಾಧ್ಯಾಪಕರು, ಅಂಕೋಲಾ ತಾಲೂಕು

ಮೊದಲು ಹುದ್ದೆ, ಆಮೇಲೆ ಹೆಸರು, ಆಮೇಲೆ ಪದಕಗಳ ಸಂಕ್ಷೇಪ, ಕೊನೆಗೆ ಕಂಸದಲ್ಲಿ ‘ನಿವೃತ್ತ’. ‘ನಿವೃತ್ತ ಏರ್ ವೈಸ್ ಮಾರ್ಷಲ್’ ಎಂದು ಮುಂದೆ ಹಾಕುವ ರೂಢಿ ಅಲ್ಲಿಲ್ಲ, ನಿವೃತ್ತರಾಗುವುದು ಅಧಿಕಾರಿ, ಹುದ್ದೆಯಲ್ಲ. ‘ಶ್ರೀ’ ಬೇಡ. ಪದಕಗಳ ಕ್ರಮ ಪಿವಿಎಸ್‌ಎಂ (ಪರಮ ವಿಶಿಷ್ಟ ಸೇವಾ ಪದಕ), ಎವಿಎಸ್‌ಎಂ (ಅತಿ ವಿಶಿಷ್ಟ ಸೇವಾ ಪದಕ), ವೀರ ಚಕ್ರ, ವಾಯುಸೇನಾ ಪದಕ, ವಿಎಸ್‌ಎಂ (ವಿಶಿಷ್ಟ ಸೇವಾ ಪದಕ) ಹೀಗೆ ಮೇಲಿನಿಂದ ಕೆಳಕ್ಕೆ. ಅವರದೇ ಪರಿಚಯ ಪತ್ರ ತರಿಸಿಕೊಂಡು ಅದರಲ್ಲಿದ್ದಂತೆ ಹಾಕುವುದೇ ಕ್ಷೇಮ. ಸಮವಸ್ತ್ರದಲ್ಲಿ ಬನ್ನಿ ಎಂದು ಕೇಳಬೇಡಿ. ಪರಿಚಯ ಭಾಷಣ ಆರು ಸಾಲು ಮೀರದಿರಲಿ, ಇಲ್ಲದಿದ್ದರೆ ಅವರ ಮಾತಿಗೆ ಹೊತ್ತೇ ಉಳಿಯುವುದಿಲ್ಲ, ಮಕ್ಕಳ ಯಕ್ಷಗಾನ ನಡುರಾತ್ರಿಗೆ ಹೋಗುತ್ತದೆ.

ಸೇವೆಯಲ್ಲಿರುವ ಅಧಿಕಾರಿಯಾದರೆ ವಿಷಯವೇ ಬೇರೆ. ಸಾರ್ವಜನಿಕವಾಗಿ ಮಾತಾಡಲು ಅವರಿಗೆ ಅನುಮತಿ ಬೇಕು. ಅವರ ಘಟಕದ ಮುಖ್ಯಸ್ಥರಿಗೆ ಕಾರ್ಯಕ್ರಮದ ವಿವರದೊಂದಿಗೆ ಎಷ್ಟೋ ವಾರ ಮೊದಲು ಪತ್ರ ಬರೆಯಿರಿ. ಫೋನಿನಲ್ಲಿ ಒಪ್ಪಿಸಿ ಆಮಂತ್ರಣ ಅಚ್ಚು ಹಾಕಿಸಿದರೆ ಕೊನೆಗೆ ಮುಖಭಂಗ ನಿಮ್ಮದೇ.

ಮಗನಿಗೆ ಪೈಲಟ್ ಆಗುವ ಆಸೆ. ಒಂಬತ್ತನೇ ತರಗತಿ, ಮೈನಸ್ ಕನ್ನಡಕ ಬಂದಿದೆ. ಲೇಸರ್ ಮಾಡಿಸಬಹುದೇ?
— ಯಲ್ಲಾಪುರ

ಈಗ ಖಂಡಿತ ಬೇಡ. ಇಪ್ಪತ್ತು ತುಂಬುವ ಮೊದಲು ಮಾಡಿಸಿದ ಲೇಸರ್ ಶಸ್ತ್ರಚಿಕಿತ್ಸೆಯನ್ನು ವಾಯುಪಡೆ ಒಪ್ಪುವುದಿಲ್ಲ. ಹಾರಾಟ ಶಾಖೆಗೆ ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು, ಆ ಕೊರತೆಯೂ ಪ್ಲಸ್ ದೋಷದಿಂದ ಆಗಿರಬೇಕು. ಬಣ್ಣಗುರುಡಿಗೆ ರಿಯಾಯಿತಿ ಇಲ್ಲವೇ ಇಲ್ಲ. ಎತ್ತರ ಕನಿಷ್ಠ 162.5 ಸೆಂ.ಮೀ., ಕಾಲಿನ ಉದ್ದ 99ರಿಂದ 120, ಕೂತ ಎತ್ತರ 81.5ರಿಂದ 96, ತೊಡೆ 64ಕ್ಕಿಂತ ಉದ್ದ ಇರಕೂಡದು. ಕಾಕ್‌ಪಿಟ್ಟಿನ ಅಳತೆ ಅದು: ಕಾಲು ಮೋಟಾದರೆ ಪೆಡಲ್ ಎಟುಕದು, ತೊಡೆ ಉದ್ದವಾದರೆ ಹೊರಜಿಗಿಯುವಾಗ ಮಂಡಿ ಮುಂದಿನ ಫಲಕಕ್ಕೆ ಬಡಿಯುತ್ತದೆ.

ಕನ್ನಡಕ ಇದ್ದವರಿಗೆ ತಾಂತ್ರಿಕ, ಆಡಳಿತ, ಸರಬರಾಜು, ಲೆಕ್ಕಪತ್ರ, ಹವಾಮಾನ ಶಾಖೆಗಳು ಮಿತಿಯೊಳಗೆ ತೆರೆದಿವೆ. ಎನ್‌ಡಿಎಯ ಇತ್ತೀಚಿನ ಅಧಿಸೂಚನೆಗಳಲ್ಲಿ ವಾಯುಪಡೆಯ 120 ಸ್ಥಾನಗಳಲ್ಲಿ 28 ನೆಲಕರ್ತವ್ಯದವು. ಹುಡುಗನಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.

ಮಗಳಿಗೆ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಸಂಬಂಧ ಬಂದಿದೆ. ಹುಡುಗನಿಗೆ 31. ಏನು ವಿಚಾರಿಸಬೇಕು?
— ಹೊನ್ನಾವರದಿಂದ ಒಬ್ಬ ಆಯಿ

31ಕ್ಕೆ ಸ್ಕ್ವಾಡ್ರನ್ ಲೀಡರ್ ಎಂಬುದು ಸರಿಯಾಗಿಯೇ ಇದೆ. ಮೂರು ಕೇಳಿ: ಯಾವ ಶಾಖೆ, ಕಮಿಷನ್ ಯಾವಾಗ, ಕಾಯಮ್ಮೋ ಅಲ್ಪಾವಧಿಯೋ. ಅಲ್ಪಾವಧಿಯಾದರೆ ಕಮಿಷನ್ ಸಿಕ್ಕ 14 ವರ್ಷದೊಳಗೆ ಹೊರಗೆ ಬರಬೇಕಾಗಬಹುದು, ಪಿಂಚಣಿ ಇಲ್ಲ. ಪಿಂಚಣಿಗೆ 20 ವರ್ಷ ಬೇಕು. ಅದು ಸಂಬಂಧ ಬಿಡುವ ಕಾರಣವೇನಲ್ಲ, ಮುಂದೆ ಏನು ಮಾಡುತ್ತಾನೆ ಎಂದು ಕೇಳುವ ಕಾರಣ. ಗುರುತಿನ ಚೀಟಿಯ ಫೋಟೋ ಕಳಿಸು ಎನ್ನಬೇಡಿ, ಅದು ಅವರಿಗೆ ನಿಷಿದ್ಧ. ಅಷ್ಟು ಬೇಗ ಕಳಿಸಿಕೊಟ್ಟನೆಂದರೆ ಅವನ ಮೇಲೆಯೇ ಅನುಮಾನ ಪಡಿ. ಅವನಿರುವ ನೆಲೆಗೆ ಒಮ್ಮೆ ಹೋಗಿ ಬನ್ನಿ.

ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಕೆಲವು ಕಡೆ ಸಂಸಾರ ಒಯ್ಯಲು ಆಗುವುದಿಲ್ಲ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಸಾಂದರ್ಭಿಕ ರಜೆ, ಆದರೆ ಕರ್ತವ್ಯ ಮೊದಲು. ಮುಹೂರ್ತಕ್ಕೆ ಎರಡು ಮೂರು ದಿನ ನೋಡಿಟ್ಟುಕೊಂಡು, ರಜೆ ಮಂಜೂರಾದ ಮೇಲೆ ಒಂದನ್ನು ನಿಗದಿ ಮಾಡಿ ಕರೆಯೋಲೆ ಅಚ್ಚಿಗೆ ಕೊಡಿ.

ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆದವರು ಅಧಿಕಾರಿ ಆಗುತ್ತಾರೆಯೇ?
— ದಾಂಡೇಲಿ

ನೇರವಾಗಿ ಇಲ್ಲ. ಸಾಂಬ್ರಾ ಏರ್‌ಮನ್‌ಗಳ (ಅಧಿಕಾರಿಗಳಲ್ಲದ ವಾಯುಪಡೆ ಸಿಬ್ಬಂದಿಯ) ತರಬೇತಿ ಶಾಲೆ, ಈಗ ಅಗ್ನಿವೀರ್ ವಾಯುಗಳಿಗೂ ಅಲ್ಲೇ ತರಬೇತಿ. ಅಗ್ನಿವೀರರಲ್ಲಿ ನಾಲ್ಕು ವರ್ಷದ ನಂತರ ಗರಿಷ್ಠ ಶೇ. 25 ಮಂದಿ ಉಳಿಯುತ್ತಾರೆ. ಸೇವೆಯಲ್ಲಿರುವ ಏರ್‌ಮನ್ ಅರ್ಹತೆ, ವಯಸ್ಸು ಇದ್ದರೆ ಅಧಿಕಾರಿಗಳನ್ನು ಆರಿಸುವ ಅದೇ ಆಯ್ಕೆ ಮಂಡಳಿಯ ಮುಂದೆ ಹೋಗಿ ಕಮಿಷನ್ ಪಡೆಯಬಹುದು, ಪಡೆದವರೂ ಇದ್ದಾರೆ. ಕೊನೆಯವರೆಗೆ ದುಡಿದ ಮಾಸ್ಟರ್ ವಾರಂಟ್ ಆಫೀಸರ್‌ಗಳಲ್ಲಿ ಕೆಲವರಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ಗೌರವ ಫ್ಲೈಯಿಂಗ್ ಆಫೀಸರ್, ಗೌರವ ಫ್ಲೈಟ್ ಲೆಫ್ಟಿನೆಂಟ್ ಹುದ್ದೆ ಕೊಡುತ್ತಾರೆ. ಅಗ್ನಿವೀರ್‌ಗೆ ಅರ್ಜಿ ಹಾಕುವ ವಯಸ್ಸು ಹದಿನೇಳೂವರೆಯಿಂದ 21. ಪಿಯುಸಿ ಮುಗಿಸಿದ ಹುಡುಗನಾದರೆ ಅಗ್ನಿವೀರ್ ಅರ್ಜಿಯ ಜೊತೆಗೆ ಎನ್‌ಡಿಎ ಅರ್ಜಿಯನ್ನೂ ಹಾಕಲಿ, ಒಂದಕ್ಕೆ ಇನ್ನೊಂದು ಅಡ್ಡಿಯಿಲ್ಲ.